ಉಳಿಯ ಬಾಯಿ ಯಾಕೆ ಚಕ್ಕೆ ಏಳುತ್ತದೆ?

ಪ್ರಶ್ನೆ: ಲಾರಿಯ ಹಳೇ ಸ್ಪ್ರಿಂಗ್ ಪಟ್ಟಿಯಿಂದ ಮರಗೆಲಸಕ್ಕೆ ಒಂದು ಉಳಿ ಮಾಡಿದ್ದೇನೆ. ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿದ ಮೇಲೆ ಅರ ಹಾಕಿದರೂ ಜಾರುತ್ತದೆ, ಅಷ್ಟು ಗಟ್ಟಿ. ಆದರೆ ಕೊಡತಿಯಿಂದ ಹೊಡೆದರೆ ಬಾಯಿ ಚಕ್ಕೆ ಏಳುತ್ತದೆ. ಉಕ್ಕೇ ಸರಿಯಿಲ್ವಾ?

ಉತ್ತರ: ಉಕ್ಕು ಚೆನ್ನಾಗಿಯೇ ಇದೆ. ಟೆಂಪರಿಂಗ್ ಬಾಕಿ ಇದೆ, ಅಷ್ಟೇ. ಅದ್ದಿದ ಉಕ್ಕು ತುಂಬಾ ಪೆಡಸಾಗಿರುತ್ತದೆ, ಮತ್ತೆ ಹಗುರವಾಗಿ ಕಾಯಿಸಿ ಹದಕ್ಕೆ ತರಬೇಕು. ಮೊದಲು ಉಜ್ಜಿ ಹೊಳಪು ಬರಿಸಿ. ಬಾಯಿಗೆ ಬೆಂಕಿ ತಾಗಿಸದೆ ಹಿಂದಿನಿಂದ ಕಾಯಿಸುತ್ತಾ ಬಂದರೆ ಬಣ್ಣ ನಿಧಾನವಾಗಿ ಮುಂದಕ್ಕೆ ಓಡುವುದು ಕಣ್ಣಿಗೇ ಕಾಣುತ್ತದೆ: ತಿಳಿ ಹಳದಿ, ಕಂದು, ನೇರಳೆ, ಆಮೇಲೆ ನೀಲಿ. ಒಣಹುಲ್ಲಿನ ಹಳದಿ, ಅಂದ್ರೆ ಸುಮಾರು 220-230 ಡಿಗ್ರಿ ಸೆಲ್ಸಿಯಸ್, ಬಾಯಿಗೆ ಮುಟ್ಟಿದ ತಕ್ಷಣ ನೀರಿಗೆ ಹಾಕಿ. ನೀಲಿಯಾದರೆ ಮೆತ್ತಗಾಗಿ ಬೇಗ ಮೊಂಡಾಗುತ್ತದೆ.

ಉತ್ತರ: ಓವನ್ ಇದ್ದರೆ ಇನ್ನೂ ಒಳ್ಳೇದು, 200 ಡಿಗ್ರಿಯಲ್ಲಿ ಒಂದೆರಡು ಗಂಟೆ ಇಡಿ, ಎಲ್ಲ ಕಡೆ ಒಂದೇ ಹದ ಬರುತ್ತದೆ. ಚಕ್ಕೆ ಎದ್ದ ಜಾಗವನ್ನೂ ನೋಡಿ. ಅಲ್ಲಿ ಸಕ್ಕರೆಯಂಥ ದಪ್ಪ ಹರಳು ಕಂಡರೆ ಎಣ್ಣೆಯಲ್ಲಿ ಅದ್ದುವ ಮೊದಲು ಕಾಯಿಸಿದ್ದು ಜಾಸ್ತಿಯಾಗಿದೆ. ಉಕ್ಕಿಗೆ ಅಯಸ್ಕಾಂತ ಅಂಟುವುದು ಸುಮಾರು 770 ಡಿಗ್ರಿಗೆ ನಿಲ್ಲುತ್ತದೆ, ಅದರಿಂದ ಸ್ವಲ್ಪ ಮೇಲೆ ಹೋದರೆ ಸಾಕು, ಸುಮ್ನೆ ಬೆಂಕಿಯಲ್ಲಿ ಹಳದಿಯಾಗಿ ಹೊಳೆಯುವವರೆಗೆ ಕಾಯಿಸಬೇಡಿ.

ಪ್ರಶ್ನೆ ಕೇಳಿದವರು: ಹರಳು ಸಣ್ಣಗೇ ಇದೆ, ಹಾಗಾದರೆ ಟೆಂಪರಿಂಗ್‌ದೇ ಸಮಸ್ಯೆ. ಬಾಯಿಯನ್ನು 25 ಡಿಗ್ರಿ ಕೋನಕ್ಕೆ ಮಸೆದಿದ್ದೇನೆ, ಸಾಕಲ್ವಾ?

ಉತ್ತರ: ಗಟ್ಟಿ ಮರಕ್ಕೆ 30 ಇರಲಿ. ಹಿಡಿಗೆ ಸಿಕ್ಕಿಸುವ ಬಾಲವನ್ನು ಮಾತ್ರ ಮೆತ್ತಗೇ ಬಿಡಿ, ಇಲ್ಲದಿದ್ದರೆ ಹೊಡೆತಕ್ಕೆ ಅಲ್ಲೇ ಮುರಿಯುತ್ತದೆ.