ವರದಿ ಬಂತು, ನೀರು ಮೇಲೆ ಹತ್ತಲಿಲ್ಲ

(ಹುಬ್ಬಳ್ಳಿಯ ಒಂದು ಹೌಸಿಂಗ್ ಸೊಸೈಟಿಯ ಮೊಬೈಲ್ ಗುಂಪಿನ ಒಂದು ದಿನದ ಸಂದೇಶಗಳು)

ಬಿ-7 (ಬಾಡಿಗೆ), ರಾತ್ರಿ 2:51
ಯಾರಾದರೂ ಎಚ್ಚರ ಇದ್ದೀರಾ? ನಳ ಬಿಟ್ಟು ಒಂದು ತಾಸಾಯಿತು. ಸಂಪ್ ತುಂಬಿ ರಸ್ತೆಗೆ ಹರಿಯುತ್ತಿದೆ. ಮೇಲಿನ ಟ್ಯಾಂಕ್ ಖಾಲಿ. ಪಂಪ್ ರೂಮಿಗೆ ಕೀಲಿ. ಮಗುವಿಗೆ ವಾಂತಿ-ಭೇದಿ, ತೊಳೆಯಲು ಒಂದು ತಂಬಿಗೆ ನೀರಿಲ್ಲ.

ಬಿ-7, 3:34
ಸೆಕ್ರೆಟರಿ ಸರ್‌ಗೆ ಆರು ಸಲ ಫೋನ್ ಮಾಡಿದೆ. ಎತ್ತಲಿಲ್ಲ. ಸಂಪಿನ ಮುಚ್ಚಳ ಎತ್ತಿ, ಹಗ್ಗ ಕಟ್ಟಿ ಸೇದಿದೆ. ಮೂರನೇ ಮಹಡಿಗೆ ಹನ್ನೊಂದು ಕೊಡ. ಮೇಲೆ ಬಂದು ಮೊಬೈಲ್ ನೋಡಿದರೆ ನಿನ್ನೆ ಸಂಜೆ ಇದೇ ಗುಂಪಿಗೆ ಹಾಕಿದ ವಾರ್ಷಿಕ ಪ್ರಗತಿ ವರದಿ! ಪುಟ 6: ‘ಬಾಡಿಗೆದಾರರ ಯೋಗಕ್ಷೇಮಕ್ಕೆ ಸಂಘವು ಸದಾ ಬದ್ಧ.’ ಮೊದಲ ಪುಟದಲ್ಲಿ ಹೊಸ ಬಣ್ಣದ ಗೇಟಿನ ಫೋಟೋ. ಆ ಗೇಟಿನ ಮುಂದೆ ಈಗ ಹಳ್ಳ ಹರಿಯುತ್ತಿದೆ. ಮಲಪ್ರಭೆ ನೀರು ಸವದತ್ತಿಯಿಂದ ಹುಬ್ಬಳ್ಳಿವರೆಗೆ ಬಂತು, ನಮ್ಮ ಮೂರು ಮಹಡಿ ಹತ್ತಲಿಲ್ಲ.

ಎ-9 ಕಾಕಾ, 5:30
🌅 ಶುಭೋದಯ 🙏 ನೀರೇ ಜೀವ, ಹನಿ ಹನಿ ಉಳಿಸಿ. ಹತ್ತು ಜನರಿಗೆ ಕಳಿಸಿರಿ.

ಸಿ-2, 5:41
ಕಾಕಾ, ಮೇಲಿನದು ಓದಿ ಹಾಕಬಾರದಾ 😂

ಸೆಕ್ರೆಟರಿ, 6:40
ಫೋನ್ ಸೈಲೆಂಟ್ ಇತ್ತು, ಕ್ಷಮಿಸಿ. ವಾಚ್‌ಮನ್ ಪಂಚಮಿಗೆ ನವಲಗುಂದ ಕಡೆ ತನ್ನ ಊರಿಗೆ ಹೋಗಿದ್ದಾನೆ. ಕೀಲಿಕೈ ಅವನ ಚೀಲದಲ್ಲೇ ಹೋಗಿದೆ.

ಸಿ-2, 6:42
ಅವನು ಉಂಡಿ ತರುತ್ತಾನೆ, ಕೀಲಿಕೈ ಅಲ್ಲೇ ಮರೆತು ಬರುತ್ತಾನೆ.

ಎ-1 ಸಾಹೇಬರು, 7:05
ತಮಾಷೆ ಸಾಕು. ಈ ಸೊಸೈಟಿ ಕಟ್ಟುವಾಗ ನಿಂತು ಸಿಮೆಂಟ್ ಚೀಲ ಎಣಿಸಿದವನು ನಾನು. ಒಂದು ವಿಷಯ ಸ್ಪಷ್ಟ ಇರಲಿ. ಸಂಘ ಇರುವುದು ಷೇರುದಾರರಿಗೆ. ಬಾಡಿಗೆಯವರಿಗೆ ಏನೇ ತೊಂದರೆ ಇದ್ದರೂ ಮಾಲೀಕರ ಮೂಲಕ ಬರಬೇಕು. ರಾತ್ರಿ ಮೂರಕ್ಕೆ ಗುಂಪಿನಲ್ಲಿ ಕೂಗುವುದಲ್ಲ.

ಬಿ-7, 7:11
ಸರ್, ನನ್ನ ಮಾಲೀಕರು ಪುಣೆಯಲ್ಲಿದ್ದಾರೆ. ಅವರು ಅಲ್ಲಿಂದ ಮೋಟರ್ ಚಾಲೂ ಮಾಡುತ್ತಾರಾ?

ಸಿ-11 ವೈನಿ, 7:15
ಮಗು ಹೇಗಿದೆ ತಂಗಿ? ನಮ್ಮಲ್ಲಿ ಎರಡು ಬ್ಯಾರಲ್ ಇದೆ, ಬಂದು ಒಯ್ಯಿ.

ಸಿ-8 (ಬಾಡಿಗೆ), 7:48
ವರದಿಯ ಮಾತು ಬಂತಲ್ಲ, ನಾನೂ ಹೇಳುತ್ತೇನೆ. ‘ಗೃಹಜ್ಯೋತಿಗೆ ನೆರವು’ ಅಂತ ಬರೆದಿದ್ದೀರಿ. ಯಾವ ನೆರವು? ನಾನು ಬಂದಾಗ ಕರೆಂಟ್ ಮೀಟರಿನ ಆರ್‌ಆರ್ ನಂಬರಿಗೆ ಹಿಂದಿನ ಬಾಡಿಗೆದಾರನ ಆಧಾರ್ ಹಾಗೇ ಜೋಡಿತ್ತು. ಅದನ್ನು ತೆಗೆಸಿ ನನ್ನದು ಹಾಕಿಸಲು ಬಾಡಿಗೆ ಕರಾರು ಪತ್ರ ಹಿಡಿದು ನಾನೇ ಅಲೆದೆ. 200 ಯೂನಿಟ್ ಅನ್ನೋದು ಗರಿಷ್ಠ ಮಿತಿ, ಎಲ್ಲರಿಗೂ ಅಷ್ಟೂ ಉಚಿತ ಅಲ್ಲ ಅನ್ನೋದು ಬಿಲ್ ಬಂದ ಮೇಲೆ ಗೊತ್ತಾಯಿತು. ಮೊದಲೇ ಯಾರಾದರೂ ಒಂದು ಮಾತು ಹೇಳಿದ್ದರೆ ಅದು ನೆರವು.

ಸಿ-4 ಮಾಸ್ತರ್, 8:20
ಸೆಪ್ಟೆಂಬರ್ 25ರೊಳಗೆ ವಾರ್ಷಿಕ ಮಹಾಸಭೆ ಆಗಲೇಬೇಕು, ಸಹಕಾರ ಕಾಯ್ದೆಯಲ್ಲೇ ಇದೆ. ಬಾಡಿಗೆಯವರಿಗೆ ಮತ ಇಲ್ಲ, ಸರಿ. ಕೂತು ಮಾತಾಡಲು ಬಿಟ್ಟರೆ ಏನು ಹೋಗುತ್ತದೆ? ಅಲ್ಲಿಯವರೆಗೆ ಪಂಪ್ ರೂಮಿನ ಕೀಲಿಕೈ ಬ್ಲಾಕಿಗೊಂದು ಮಾಡಿಸಿ. ಬಿ ಬ್ಲಾಕಿನದು ಬಿ-7ರಲ್ಲೇ ಇರಲಿ. ಹೇಗೂ ಎಚ್ಚರ ಇರುವವರು ಅವರೇ.

ಎ-1 ಸಾಹೇಬರು, 8:24
ಮಾಸ್ತರ್ರೇ, ಬಾಡಿಗೆಯವರ ಕೈಗೆ ಕೀಲಿಕೈ? ಹನ್ನೊಂದು ತಿಂಗಳ ಕರಾರು, ಹನ್ನೆರಡನೇ ತಿಂಗಳು ಯಾರನ್ನು ಹುಡುಕುವುದು? ಮೊದಲು ಬಿ ಬ್ಲಾಕಿನ ಮೇಂಟೆನೆನ್ಸ್ ಬಾಕಿ ವಸೂಲಿ ಮಾಡಿ. ಬಿ-7ರದೂ ಇದೆ.

ಬಿ-7 ಮಾಲೀಕರು, 9:02
ನಾನೂ ಈ ಗುಂಪಿನಲ್ಲೇ ಇದ್ದೇನೆ ಸಾಹೇಬರೇ. ಜೂನ್‌ವರೆಗೆ ಕಟ್ಟಿದ್ದೇನೆ. ರಸೀತಿ ಕೊಟ್ಟಿಲ್ಲ ಅಷ್ಟೇ.

ಸೆಕ್ರೆಟರಿ, 9:10
ರಸೀತಿ ಪುಸ್ತಕ ಹಳೇ ಖಜಾಂಚಿ ಹತ್ತಿರ ಇದೆ.

ಎ-5, 9:12
ಹಳೇ ಖಜಾಂಚಿ ಅಂದರೆ ನಾನೇ ತಾನೇ? ಹೆಸರು ಹಿಡಿದು ಹೇಳಿ. ಪುಸ್ತಕ ಒಪ್ಪಿಸಿ ಸಹಿ ಪಡೆದಿದ್ದೇನೆ. ಗೇಟಿಗೆ ಎರಡೆರಡು ಸಲ ಬಣ್ಣ ಯಾಕೆ ಅಂತ ಕೇಳಿದ್ದಕ್ಕೇ ಅಲ್ವಾ ನನ್ನನ್ನು ಬಿಡಿಸಿದ್ದು?

(ಇಲ್ಲಿಂದ 46 ಸಂದೇಶ ಗೇಟಿನ ಬಣ್ಣದ ಮೇಲೆ. ಎ-5 ಎರಡು ಸಲ ಗುಂಪು ಬಿಟ್ಟರು, ಎರಡು ಸಲ ಸೇರಿಸಲಾಯಿತು.)

ಸಿ-2, ಮಧ್ಯಾಹ್ನ 1:15
ಮಹಾಸಭೆಗೆ ಗಿರ್ಮಿಟ್-ಮಿರ್ಚಿ ಇರಲಿ. ಹೋದ ವರ್ಷ ಬರೀ ಬಿಸ್ಕಿಟ್ ಕೊಟ್ಟು ಲೆಕ್ಕ ಪಾಸ್ ಮಾಡಿಸಿದರು.

ಎ-9 ಕಾಕಾ, 1:17
ಪೇಢೆ ನಾನು ತರುತ್ತೇನೆ. ಗುರುವಾರ ಧಾರವಾಡಕ್ಕೆ ಹೋಗುವುದಿದೆ.

ಸಿ-4 ಮಾಸ್ತರ್, 1:30
ಸಭೆಯ ತಾರೀಖೇ ಗೊತ್ತಿಲ್ಲ ಕಾಕಾ.

ಸೆಕ್ರೆಟರಿ, ಸಂಜೆ 6:05
ಕೀಲಿ ಒಡೆಸಿ ಹೊಸದು ಹಾಕಿಸಿದ್ದೇನೆ. ಟ್ಯಾಂಕ್ ತುಂಬಿದೆ. ಕೀಲಿಕೈ ಎರಡೇ. ಒಂದು ವಾಚ್‌ಮನ್‌ಗೆ. ಇನ್ನೊಂದು ಸಾಹೇಬರು ಇಸಿದುಕೊಂಡರು.

ಎ-1 ಸಾಹೇಬರು, 6:11
ಹೌದು. ಜವಾಬ್ದಾರಿ ಇರುವವರ ಹತ್ತಿರ ಇರಲಿ. ಅಂದ ಹಾಗೆ ನಾಳೆ ಬೆಂಗಳೂರಿಗೆ, ಮಗಳ ಮನೆಗೆ ಹೊರಟಿದ್ದೇವೆ. ಎಂಟು ದಿನ. ನಮ್ಮ ಪೇಪರ್ ಯಾರಾದರೂ ತೆಗೆದಿಡಿ.

ಬಿ-7, 6:13
ಸರ್, ಮತ್ತೆ ಕೀಲಿಕೈ?

ಸಿ-11 ವೈನಿ, 6:14
ಗೇಟಿನ ಹತ್ತಿರ ನಾಯಿಗಳಿಗೆ ಅನ್ನ ಹಾಕುತ್ತಿರುವವರು ಯಾರು? ನಮ್ಮ ಹುಡುಗನ ಸೈಕಲ್ ಹಿಂದೆ ಮೂರು ನಾಯಿ ಬಿದ್ದವು.

ಎ-5, 6:15
ಎ ಬ್ಲಾಕಿನವರೇ. ಫೋಟೋ ಇದೆ, ಹಾಕಲಾ?

ಎ-1 ಸಾಹೇಬರು, 6:15
ಹಾಕಿ ನೋಡೋಣ.