ಸಿಲ್ವರ್ ಓಕ್ ಬಂಕ್ ಬೆಡ್: ಕಾಲು ತಿರುಚಿದೆ, ಮೇಲಿನ ಮಂಚ ಓಲಾಡುತ್ತೆ

ಮಂಡ್ಯದ ಅಪ್ಪ

ನಮಸ್ಕಾರ. ಮಕ್ಕಳು ಎಂಟು ಮತ್ತು ಐದು ವರ್ಷದವರು, ಇಬ್ಬರಿಗೂ ಒಂದೇ ಪುಟ್ಟ ರೂಮು. ಅದಕ್ಕೇ ಬಂಕ್ ಬೆಡ್ ಮಾಡೋಣ ಅಂತ ಹೊರಟೆ. ತೇಗದ ರೇಟು ಕೇಳಿ ವಾಪಸ್ ಬಂದೆ. ಸಾಮಿಲ್‌ನವರು "ಸಿಲ್ವರ್ ಓಕ್ ತಗೊಳ್ಳಿ, ಕಮ್ಮಿಗೆ ಆಗುತ್ತೆ, ಒಣಗಿದ ಮಾಲು" ಅಂದರು. ನಂಬಿದೆ. 3 ಇಂಚು ಚೌಕದ ಕಾಲು ನಾಲ್ಕು, 6 ಇಂಚು ಅಗಲ ಒಂದೂವರೆ ಇಂಚು ದಪ್ಪದ ಸೈಡ್ ಪಟ್ಟಿಗಳು, ಎಲ್ಲ ಕೊಯ್ಯಿಸಿ ತಂದು ಸ್ಕ್ರೂ ಹಾಕಿ ಜೋಡಿಸಿದೆ.

ಐದು ವಾರ ಆಯಿತು. ಕಿಟಕಿ ಪಕ್ಕದ ಕಾಲು ತಿರುಚಿಕೊಂಡಿದೆ. ಪಟ್ಟಿ ಕಾಲಿಗೆ ಸೇರುವ ಕಡೆ ಎರಡು ರೂಪಾಯಿ ನಾಣ್ಯ ತೂರುವಷ್ಟು ಸಂದು. ದೊಡ್ಡವನು ಮೇಲೆ ಹತ್ತಿದರೆ ಕಬ್ಬಿನ ಗಾಡಿ ಥರ ಕಿರುಗುಟ್ಟುತ್ತೆ. ಸ್ಕ್ರೂ ಬಿಗಿ ಮಾಡಲು ಹೋದರೆ ಸುಮ್ನೆ ತಿರುಗುತ್ತೆ, ಕಚ್ಚುವುದೇ ಇಲ್ಲ. ಮರವೇ ತಪ್ಪಾಯಿತಾ? ನೀಲಗಿರಿ, ಬೇವು, ಹಲಸು ಅಂತ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಮಾವನ ಗದ್ದೆ ಬದುವಿನಲ್ಲಿ ಒಂದು ಬೇವಿನ ಮರ ಇದೆ, ಕಡಿಸಲಾ?

ಹುಣಸೂರು ರೋಡ್

ಮೊದಲು ಮಗುವನ್ನು ಮೇಲೆ ಮಲಗಿಸುವುದು ನಿಲ್ಲಿಸಿ ಸಾರ್. ಉಳಿದದ್ದು ಆಮೇಲೆ.

ಸಿಲ್ವರ್ ಓಕ್ ಕೆಟ್ಟ ಮರವಲ್ಲ. ಕೊಡಗಿನ ಕಾಫಿ ತೋಟದಲ್ಲಿ ನೆರಳಿಗೆ ಬೆಳೆಸಿ ಮೆಣಸಿನ ಬಳ್ಳಿ ಹಬ್ಬಿಸುತ್ತಾರಲ್ಲ, ಅದೇ. ನಿಮಗೆ ಸಿಕ್ಕಿದ್ದು ಹಸಿ ಮಾಲು ಅಂತ ನನ್ನ ಅನುಮಾನ. ಮರ ಒಣಗುವಾಗ ಉದ್ದ ಹೆಚ್ಚು ಕಡಿಮೆ ಹಾಗೇ ಇರುತ್ತೆ, ಅಗಲ ಕುಗ್ಗುತ್ತೆ. 6 ಇಂಚಿನ ಹಸಿ ಪಟ್ಟಿ ಕಾಲು ಇಂಚು ಸಣ್ಣದಾದರೂ ಆಶ್ಚರ್ಯ ಇಲ್ಲ. ಸಂದು ಬಿದ್ದದ್ದು, ಸ್ಕ್ರೂ ಹಿಡಿತ ಬಿಟ್ಟದ್ದು ಎರಡೂ ಅದರಿಂದಲೇ.

ಉಳಿದ ತುಂಡು ಇದ್ದರೆ ಅಡುಗೆಮನೆ ತಕ್ಕಡಿಯಲ್ಲಿ ತೂಗಿ ಬರೆದಿಡಿ. ಹತ್ತು ದಿನ ತಾರಸಿ ಮೇಲೆ ಬಿಸಿಲಿಗಿಟ್ಟು ಮತ್ತೆ ತೂಗಿ. ತೂಕ ಚೆನ್ನಾಗಿ ಇಳಿದಿದ್ದರೆ ಮರ ಹಸಿಯಾಗೇ ಇತ್ತು.

ಉಳಿ ಸುತ್ತಿಗೆ

ನಮ್ಮಪ್ಪ ಮೈಸೂರಲ್ಲಿ ನಲವತ್ತು ವರ್ಷ ಮರಗೆಲಸ ಮಾಡಿದವರು. ನಾನು ಭಾನುವಾರದ ಆಚಾರಿ ಅಷ್ಟೇ. ಗೊತ್ತಿರುವಷ್ಟು ಹೇಳುತ್ತೇನೆ.

ಬೇವು ಕಡಿಸಬೇಡಿ ಅಣ್ಣ. ಹುಳು ಕಮ್ಮಿ, ನಿಜ. ಆದರೆ ಎಳೆ ಹೆಣೆದುಕೊಂಡಿರುತ್ತೆ, ಉಜ್ಜುಗೊರಡು ಓಡಿಸಿದರೆ ಕಿತ್ತು ಕಿತ್ತು ಬರುತ್ತೆ. ಅದಕ್ಕಿಂತ ಮುಖ್ಯ, ಹಲಗೆ ನೆರಳಲ್ಲಿ ಒಣಗಲು ಇಂಚು ದಪ್ಪಕ್ಕೆ ಒಂದು ವರ್ಷ ಅನ್ನುವುದು ಹಳೇ ಲೆಕ್ಕ. ನಿಮ್ಮ 3 ಇಂಚಿನ ಕಾಲು ಒಣಗುವ ಹೊತ್ತಿಗೆ ದೊಡ್ಡವನು ಹೈಸ್ಕೂಲ್ ಹತ್ತಿರ ಇರುತ್ತಾನೆ! ನೀಲಗಿರಿಯಂತೂ ಮಂಚಕ್ಕೆ ಬೇಡವೇ ಬೇಡ. ಕೊಯ್ಯುವಾಗಲೇ ತುದಿ ಸೀಳುತ್ತೆ, ಆಮೇಲೆ ತಿರುಚುತ್ತೆ. ಹಲಸು ಚಿನ್ನದಂಥ ಮರ. ವೀಣೆ ಮಾಡುವ ಮರ ಅದು, ಗೆದ್ದಲು ಸುಲಭಕ್ಕೆ ಮುಟ್ಟಲ್ಲ. ಆದರೆ ಹಳದಿ ಚೇಗು, ಅಂದ್ರೆ ಮರದ ಒಳತಿರುಳು, ನೋಡಿ ತಗೊಳ್ಳಬೇಕು, ಬಿಳಿ ಭಾಗಕ್ಕೆ ಹುಳು ಬೀಳುತ್ತೆ. ಒಣಗಿದ ಹಲಸು ಸಿಗುವುದೂ ಕಷ್ಟ.

ನನ್ನನ್ನು ಕೇಳಿದರೆ, ಅಗ್ಗಕ್ಕೆ ಒಣಮರ ಬೇಕಂದ್ರೆ ಹಳೇ ಮನೆ ಕೆಡವಿದ ಮಾಲು ಮಾರುವ ಕಡೆ ಹೋಗಿ. ಹೆಂಚಿನ ಮನೆಯ ಜಂತೆ, ತೊಲೆ ಎಲ್ಲ ರಾಶಿ ಬಿದ್ದಿರುತ್ತೆ. ಮತ್ತಿಯೋ ಹೊನ್ನೆಯೋ, ಯಾವುದಾದರೂ ಸರಿ, ಐವತ್ತು ವರ್ಷ ಸೂರಿನಡಿ ಒಣಗಿದ ಮರ ಇನ್ನು ಎಲ್ಲಿಗೆ ತಿರುಚುತ್ತೆ? ಎರಡು ಎಚ್ಚರ: ಕೊಯ್ಯಿಸುವ ಮುಂಚೆ ಮೊಳೆ ಪೂರಾ ಕೀಳಿಸಿ, ಇಲ್ಲದಿದ್ದರೆ ಬ್ಲೇಡ್ ಹೋಗಿ ಸಾಮಿಲ್‌ನವರ ಹತ್ತಿರ ಬೈಸಿಕೊಳ್ಳುತ್ತೀರಿ. ಹಳೇ ಪೇಂಟ್ ಇರುವ ಮರ ಬಿಟ್ಟುಬಿಡಿ. ಅದರಲ್ಲಿ ಸೀಸ ಇರಬಹುದು, ಉಜ್ಜಿದ ಪುಡಿ ಮಕ್ಕಳಿಗೆ ವಿಷ.

ಪ್ಯಾಕಿಂಗ್ ಪೈನ್ ಮರವೂ ಅಗ್ಗ. ಅದರ ಮೇಲಿನ ಮುದ್ರೆಯಲ್ಲಿ ಎಚ್‌ಟಿ ಅಂತಿದ್ದರೆ ಬಿಸಿ ಮಾಡಿದ್ದು, ತಗೊಳ್ಳಿ. ಎಂಬಿ ಅಂತಿದ್ದರೆ ಹುಳು ಸಾಯಲು ಮೀಥೈಲ್ ಬ್ರೋಮೈಡ್ ಅನ್ನೋ ವಿಷದ ಹೊಗೆ ಕೊಟ್ಟದ್ದು, ಮಕ್ಕಳ ಮಂಚಕ್ಕೆ ಬೇಡ. ಕಾಲಿಗಂತೂ ಪ್ಯಾಕಿಂಗ್ ಮರ ಸಾಲದು, ಮಲಗುವ ಅಡ್ಡಪಟ್ಟಿಗೆ ನಡೆಯುತ್ತೆ.

ಕುವೆಂಪುನಗರ ಅಕ್ಕ

ಎಲ್ಲರೂ ಮರದ ಹಿಂದೆ ಬಿದ್ದಿದ್ದೀರಿ. ಫ್ಯಾನ್ ಎಲ್ಲಿದೆ ಅಂತ ಯಾರೂ ಕೇಳಲಿಲ್ಲ! ನಮ್ಮನೆಯಲ್ಲಿ ಮಂಚ ಮಾಡಿ ಮುಗಿಸಿದ ಮೇಲೆ ಮಗಳು ಎದ್ದು ಕೂತು ಕೈ ಎತ್ತಿದಳು. ರೆಕ್ಕೆಗೂ ಬೆರಳಿಗೂ ಒಂದು ಗೇಣು. ಎದೆ ಧಸಕ್ ಅಂತು. ಅವತ್ತೇ ಸೀಲಿಂಗ್ ಫ್ಯಾನ್ ಬಿಚ್ಚಿಸಿ ಗೋಡೆ ಫ್ಯಾನ್ ಹಾಕಿಸಿದೆವು.

ಇನ್ನೊಂದು ಮಾತು. ಅಮೆರಿಕದ ಬಂಕ್ ಬೆಡ್ ನಿಯಮ ಓದಿ ನಮ್ಮದಕ್ಕೂ ಅದನ್ನೇ ಇಟ್ಟುಕೊಂಡೆವು. ಮೇಲಿನ ತಡೆಪಟ್ಟಿ ಹಾಸಿಗೆಗಿಂತ ಕನಿಷ್ಠ 5 ಇಂಚು ಎತ್ತರ ಇರಬೇಕು. ಪಟ್ಟಿಗಳ ನಡುವೆ ಮೂರೂವರೆ ಇಂಚಿಗಿಂತ ಜಾಸ್ತಿ ಸಂದು ಬಿಡಬಾರದು, ಮಗುವಿನ ಮೈ ತೂರಿ ತಲೆ ಸಿಕ್ಕಿಕೊಳ್ಳುತ್ತೆ. ಆರು ವರ್ಷದೊಳಗಿನವರು ಮೇಲೆ ಬೇಡ. ನಿಮ್ಮ ಚಿಕ್ಕವನು ಎಷ್ಟೇ ರಂಪ ಮಾಡಲಿ, ಕೆಳಗೇ ಮಲಗಲಿ.

ಮಂಡ್ಯದ ಅಪ್ಪ

ತೂಕ ಹಾಕಿದೆ. ಮಂಚದ ಕೆಳಗೇ ಬಿದ್ದಿದ್ದ ತುಂಡು 412 ಗ್ರಾಂ ಇತ್ತು, ಹತ್ತು ದಿನಕ್ಕೆ 371. ಐದು ವಾರ ಮನೆಯೊಳಗಿದ್ದೂ ಇಷ್ಟು ನೀರು! ಒಣಗಿದ ಮಾಲಂತೆ.

ಅಕ್ಕ, ಫ್ಯಾನ್ ವಿಷಯಕ್ಕೆ ತುಂಬ ಥ್ಯಾಂಕ್ಸ್. ನಮ್ಮದೂ ಹತ್ತಿರವೇ ಇದೆ. ಹಾಗಾದರೆ ಇರುವ ಮರ ಎಲ್ಲ ಎಸೆಯಬೇಕಾ?

ಹುಣಸೂರು ರೋಡ್

ಯಾಕೆ ಎಸೀತೀರಿ? ಬಿಚ್ಚಿ, ನೆರಳಲ್ಲಿ ಅಡ್ಡಕ್ಕೆ ರೀಪರ್ (ಸಣ್ಣ ಮರದ ಪಟ್ಟಿ) ಇಟ್ಟು ಒಂದರ ಮೇಲೊಂದು ಜೋಡಿಸಿ, ಮೇಲೆ ನಾಲ್ಕು ಇಟ್ಟಿಗೆ ಹೇರಿ. ಗಾಳಿ ಆಡಬೇಕು. ನೇರ ಬಿಸಿಲು ಬೇಡ, ಸೀಳುತ್ತೆ. ಒಂದು ತುಂಡು ಗುರುತು ಮಾಡಿಕೊಂಡು ವಾರಕ್ಕೊಮ್ಮೆ ತೂಗಿ. ತೂಕ ಇಳಿಯುವುದು ನಿಂತ ಮೇಲೆ ಉಜ್ಜಿ ನೇರ ಮಾಡಿ ಜೋಡಿಸಿ. ಒಂದೂವರೆ ಇಂಚಿನ ಪಟ್ಟಿಗಳು ಬೇಗ ದಾರಿಗೆ ಬರುತ್ತವೆ. ಕಾಲುಗಳನ್ನು ಮಾತ್ರ ಉಳಿ ಸುತ್ತಿಗೆಯವರು ಹೇಳಿದ ಹಾಗೆ ಹಳೇ ಜಂತೆಯಲ್ಲಿ ಹೊಸದಾಗಿ ಮಾಡಿ.

ಈ ಸಲ ಸ್ಕ್ರೂ ನಂಬಬೇಡಿ. ಕಾಲಲ್ಲಿ ಅರ್ಧ ಇಂಚು ಕಚ್ಚು ತೆಗೆದು ಪಟ್ಟಿ ಅದರೊಳಗೆ ಕೂರಲಿ. ಭಾರ ಕಚ್ಚಿನ ಮೇಲೆ ಬೀಳಬೇಕು. ಆಮೇಲೆ 8 ಎಂಎಂ ಬೋಲ್ಟ್ ಆರಪಾರ ತೂರಿಸಿ ದಪ್ಪ ವಾಷರ್ ಹಾಕಿ ಬಿಗಿ ಮಾಡಿ. ಮರ ಮತ್ತೆ ಚೂರು ಕುಗ್ಗಿದರೂ ನಟ್ ತಿರುಗಿಸಿದರೆ ಆಯಿತು. ಓಲಾಡುವುದಕ್ಕೆ ಮದ್ದು ಬೇರೆ. ಗೋಡೆ ಕಡೆ ಕಾಲಿಂದ ಕಾಲಿಗೆ 12 ಎಂಎಂ ಪ್ಲೈವುಡ್ ಹೊಡೆಯಿರಿ, ಚೌಕ ಆಗ ಅತ್ತಿತ್ತ ವಾಲಲ್ಲ. ಮೇಲಿನ ಪಟ್ಟಿಯನ್ನು ಎರಡು ಆಂಕರ್ ಬೋಲ್ಟ್ ಹಾಕಿ ಗೋಡೆಗೆ ಕಟ್ಟಿ.

ಮರ ತಗೊಳ್ಳುವಾಗ ಲೆಕ್ಕ ನೀವೇ ಹಾಕಿ: ಅಗಲ ಇಂಚು, ದಪ್ಪ ಇಂಚು, ಉದ್ದ ಅಡಿ, ಗುಣಿಸಿ 144ರಿಂದ ಭಾಗಿಸಿದರೆ ಸಿಎಫ್‌ಟಿ, ಅಂದ್ರೆ ಘನ ಅಡಿ. ಐದೂವರೆ ಅಡಿಯ ನಿಮ್ಮ ನಾಲ್ಕು ಕಾಲಿಗೆ 1.4 ಸಿಎಫ್‌ಟಿ ಹತ್ತಿರ ಬರುತ್ತೆ, ಅಷ್ಟೇ. ಕೊಯ್ದು ಉಜ್ಜಿದ್ದರಲ್ಲಿ ಹೋಗುವುದಕ್ಕೆ ಚೂರು ಜಾಸ್ತಿ ಹಿಡಿಯಿರಿ.

ಮಂಡ್ಯದ ಅಪ್ಪ

ಎರಡು ತಿಂಗಳ ಮೇಲೆ ಬರೆಯುತ್ತಿದ್ದೇನೆ. ಜಂತೆ ಮೈಸೂರಲ್ಲಿ ಸಿಕ್ಕಿತು. ಎಂಥ ಮರವೋ ಗೊತ್ತಿಲ್ಲ, ಅಂಗಡಿಯವರು ಮತ್ತಿ ಅಂದರು. ಡ್ರಿಲ್ ಬಿಟ್ ಎರಡು ಮುರಿಯಿತು. ಈಗ ನಾನೇ ಮೇಲೆ ಹತ್ತಿ ಕೂತರೂ ಸದ್ದಿಲ್ಲ. ಫ್ಯಾನ್ ಗೋಡೆಗೆ ಹೋಯಿತು.

ತಿರುಚಿದ ಸಿಲ್ವರ್ ಓಕ್ ಕಾಲು ಹಾಗೇ ಮೂಲೆಯಲ್ಲಿದೆ. ಅದರಲ್ಲಿ ಬ್ಯಾಟ್ ಮಾಡಿಕೊಡು ಅಂತ ಚಿಕ್ಕವನು ಕೂತಿದ್ದಾನೆ. ಆಗುತ್ತಾ?

ಉಳಿ ಸುತ್ತಿಗೆ

ಟೆನಿಸ್ ಬಾಲ್ ಆದ್ರೆ ಆಗುತ್ತೆ. ಹಿಡಿ ಸ್ವಲ್ಪ ದಪ್ಪ ಬಿಡಿ.