ಕೊಸರು, ಚೌಕಾಸಿ: ಬೈಕ್ ಕೊಳ್ಳುವಾಗ ಎದ್ದ ಪ್ರಶ್ನೆ

ಗೆಳೆಯರೇ,

‘ಕೊಸರು’ ಅನ್ನುವ ಪದ ನಿಮ್ಮ ಕಡೆ ಇನ್ನೂ ಬಳಕೆಯಲ್ಲಿದೆಯೇ? ಕೇಳೋಕೆ ಕಾರಣ ಇದೆ.

ನಮ್ಮದು ಸೋಮವಾರಪೇಟೆ ಕಡೆ. ಕಾಫಿ ಮಾರಿದ ದುಡ್ಡು ಕೈಗೆ ಬಂದ ಮೇಲೆ ಅಣ್ಣನ ಮಗನಿಗೆ ಬೈಕ್ ಕೊಡಿಸಲು ಅತ್ತಿಗೆಯ ಜೊತೆ ಕುಶಾಲನಗರಕ್ಕೆ ಹೋಗಿದ್ದೆ. ಶೋರೂಮಿನ ಹುಡುಗ ಕೊಟೇಶನ್ ಬರೆದು ಕೊಟ್ಟ.

‘ಸ್ವಲ್ಪ ನೋಡಿ ಹಾಕಪ್ಪಾ’ ಅಂದರು ಅತ್ತಿಗೆ.

‘ರೇಟಲ್ಲಿ ಏನೂ ಆಗಲ್ಲ ಆಂಟಿ, ಕಂಪನಿ ಬೆಲೆ.’

‘ಹೋಗಲಿ, ಕೊಸರು ಏನು ಕೊಡ್ತೀಯ?’

ಹುಡುಗನಿಗೆ ಅರ್ಥವಾಗಲಿಲ್ಲ. ನನ್ನ ಮುಖ ನೋಡಿದ. ಪಕ್ಕದಲ್ಲೇ ಇದ್ದ ಅಣ್ಣನ ಮಗನಿಗೂ ಗೊತ್ತಿರಲಿಲ್ಲ. ಅವತ್ತಿನಿಂದ ಈ ಪದ ನನ್ನ ತಲೆಯಲ್ಲೇ ಕೂತಿದೆ.

ನಾನು ತಿಳಿದಿರುವ ಹಾಗೆ, ಅಳೆದು ಕೊಟ್ಟ ಮೇಲೆ ಮಾರುವವರು ಕೈಯಾರೆ ಹಾಕುವ ಒಂದು ಹಿಡಿ ಜಾಸ್ತಿ ಇದೆಯಲ್ಲ, ಅದು ಕೊಸರು. ಚಿಕ್ಕವನಿದ್ದಾಗ ಮಡಿಕೇರಿಯ ಶುಕ್ರವಾರದ ಸಂತೆಯಲ್ಲಿ ಅಮ್ಮ ಸೇರು ಹುರುಳಿ ಅಳೆಸಿಕೊಂಡು, ಚೀಲದ ಬಾಯಿ ಮುಚ್ಚದೆ ಹಾಗೇ ಹಿಡಿದು ನಿಲ್ಲುತ್ತಿದ್ದರು. ಆ ಕಡೆಯಿಂದ ಒಂದು ಹಿಡಿ ಬೀಳುತ್ತಿತ್ತು. ಅದಕ್ಕೆ ಬೇರೆ ಮಾತೇ ಬೇಕಿರಲಿಲ್ಲ. ತೆಲುಗಿನಲ್ಲೂ ಇದೇ ಪದ, ಇದೇ ಅರ್ಥ.

ಇದು ರಿಯಾಯಿತಿ ಅಲ್ಲ, ಸೋಡಿಯೂ ಅಲ್ಲ. ಅವೆರಡರಲ್ಲಿ ಬೆಲೆ ಇಳಿಯುತ್ತದೆ. ಕೊಸರಿನಲ್ಲಿ ಬೆಲೆ ಇದ್ದಲ್ಲೇ ಇರುತ್ತದೆ, ಮಾಲು ಹೆಚ್ಚುತ್ತದೆ. ಶೋರೂಮಿನಲ್ಲಿ ನಡೆಯುವುದೂ ಇದೇ ಅಲ್ವಾ? ಕೊನೆಗೆ ಅವನು ಸೀಟ್ ಕವರ್, ಕ್ರ್ಯಾಶ್ ಗಾರ್ಡ್ ಎರಡನ್ನೂ ಹಾಕಿಕೊಡಲು ಒಪ್ಪಿದ. ಅವನ ಮಾತಿನಲ್ಲಿ ಅದು ‘ಎಕ್ಸ್‌ಟ್ರಾ ಫಿಟ್ಟಿಂಗ್ ಫ್ರೀ’. ಅತ್ತಿಗೆಯ ಒಂದು ಪದ ಅದಕ್ಕಿಂತ ಚೆನ್ನಾಗಿ ಹೊಂದುತ್ತದೆ ಅಂತ ನನಗೆ ಬಲವಾಗಿ ಅನ್ನಿಸಿದೆ.

ಆದರೆ ಒಂದು ಎಚ್ಚರ ಬೇಕು. ‘ಹೆಲ್ಮೆಟ್ಟೂ ಫ್ರೀ’ ಅಂತ ಅವನು ಅದನ್ನೂ ಇದೇ ಲೆಕ್ಕಕ್ಕೆ ಸೇರಿಸಿದ್ದ. ಅದನ್ನು ಕೊಸರು ಅನ್ನಬಾರದು. ಹೊಸ ಬೈಕ್ ಮಾರುವಾಗ ಐಎಸ್‌ಐ ಗುರುತಿನ ಹೆಲ್ಮೆಟ್ ಕೊಡಬೇಕು ಅಂತ ಕೇಂದ್ರ ಮೋಟಾರು ವಾಹನ ನಿಯಮದಲ್ಲೇ ಇದೆ. ಕೊಡಲೇಬೇಕಾದ್ದು ಕೊಸರು ಹೇಗಾಗುತ್ತದೆ? ಕೊಸರು ಅಂದರೆ ಮನಸ್ಸಿನಿಂದ ಬರುವ ಜಾಸ್ತಿ. ಅರ್ಥ ಸಡಿಲವಾದರೆ ನಮ್ಮ ಪಾಲನ್ನೇ ನಮಗೆ ಉಡುಗೊರೆ ಅಂತ ಕೊಟ್ಟುಬಿಡುತ್ತಾರೆ.

ಇನ್ನೊಂದು ಪದ ‘ಚೌಕಾಸಿ’. ನಮಗೆ ಅದು ಬೆಲೆ ಇಳಿಸಲು ಆಡುವ ಮಾತು. ಮರಾಠಿಯಲ್ಲಿ ‘ಚೌಕಶಿ’ ಅಂದರೆ ವಿಚಾರಣೆ. ಹಿಂದಿಯ ‘ಚೌಕಸಿ’ ಎಚ್ಚರ, ಕಾವಲು. ನಮ್ಮಲ್ಲಿ ಮಾತ್ರ ಅದು ಅಂಗಡಿಯ ಮಾತಾಯಿತು. ಕೇಳಿ, ವಿಚಾರಿಸಿ ಕೊಳ್ಳುವುದೇ ಆಮೇಲೆ ಬೆಲೆ ಎಳೆದಾಡುವುದಾಯಿತು ಅಂತ ನನ್ನ ಊಹೆ. ಅವತ್ತು ನಮಗೆ ನೆರವಾಗಿದ್ದು ಆ ಮರಾಠಿ ಅರ್ಥವೇ. ಕೊಟೇಶನ್ನಿನ ಒಂದೊಂದು ಸಾಲನ್ನೂ ‘ಇದೇನು, ಇದು ಯಾಕೆ’ ಅಂತ ಕೇಳುತ್ತಾ ಹೋದೆ. ರೋಡ್ ಟ್ಯಾಕ್ಸ್ ಸರಿ, ನೋಂದಣಿ ಸರಿ. 2018ರ ಸೆಪ್ಟೆಂಬರ್‌ನಿಂದ ಹೊಸ ಬೈಕಿಗೆ 5 ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ, ಅದೂ ಸರಿ. ಆದರೆ ವಿಮೆಯನ್ನು ಅವರಲ್ಲೇ ಮಾಡಿಸಬೇಕು ಅಂತೇನೂ ಇಲ್ಲ. ‘ಹ್ಯಾಂಡ್ಲಿಂಗ್ ಚಾರ್ಜ್’ ಅನ್ನುವ ಸಾಲಿಗೆ ಬಂದಾಗ ಹುಡುಗನ ಹತ್ತಿರ ಉತ್ತರ ಇರಲಿಲ್ಲ. ಒಳಗೆ ಹೋಗಿ ಕೇಳಿ ಬಂದು ಆ ಸಾಲನ್ನೇ ಹೊಡೆದು ಹಾಕಿದ. ವ್ಯಾಪಾರ ಕುದುರಿತು.

ಈಗ ನನ್ನ ಪ್ರಶ್ನೆಗಳು. ‘ಕೊಸರಿಕೊಂಡು ಓಡಿದ’ ಅನ್ನುತ್ತೇವಲ್ಲ, ಆ ಕೊಸರಿಗೂ ಈ ಕೊಸರಿಗೂ ನಂಟಿದೆಯೇ? ಇಲ್ಲಾ, ಸುಮ್ನೆ ಒಂದೇ ರೂಪದ ಎರಡು ಪದಗಳೇ? ಧಾರವಾಡ, ಕಲಬುರಗಿ ಕಡೆಯವರು ಈ ಒಂದು ಹಿಡಿ ಜಾಸ್ತಿಗೆ ಏನನ್ನುತ್ತೀರಿ? ಕೊಡವ ತಕ್ಕ್, ಅರೆಭಾಷೆ ಮನೆಮಾತಾಗಿರುವ ನಮ್ಮ ಜಿಲ್ಲೆಯವರೂ ದಯವಿಟ್ಟು ಹೇಳಿ. ಅತ್ತಿಗೆಗೂ ತಿಳಿದುಕೊಳ್ಳುವ ಆಸೆ ಇದೆ.